ಜೆಲ್ ಮತ್ತು ಮಡಿ

ಇನ್ನೂರು ಕಿಲೋಮೀಟರಿನ ಸೈಕಲ್ ಸವಾರಿಗೆ ಮೊದಲ ಸಲ ಹೆಸರು ಕೊಟ್ಟವರಿಗೆ ಹಳಬರು ಕೇಳುವ ಪ್ರಶ್ನೆ ಇದು: ‘ಜೆಲ್ ಎಷ್ಟು ತಗೊಂಡಿದ್ದೀರಿ?’ ಬೆಳಿಗ್ಗೆ ಏನು ತಿಂದು ಹೊರಡುತ್ತೀರಿ, ನಿಮ್ಮ ಹೊಟ್ಟೆಗೆ ಯಾವುದು ಒಗ್ಗುತ್ತದೆ ಎಂದು ಯಾರೂ ಕೇಳುವುದಿಲ್ಲ. ದಾರಿಯ ಊಟವೆಂದರೆ ಬೆರಳುದ್ದದ ಹೊಳೆಯುವ ಪೊಟ್ಟಣ, ಅದಿಲ್ಲದವರು ತಯಾರಿಯಿಲ್ಲದೆ ಬಂದವರು ಎಂಬ ತೀರ್ಮಾನ ಆ ಪ್ರಶ್ನೆಯೊಳಗೇ ಕೂತಿದೆ. ವಿಜ್ಞಾನದ ಹೆಸರಿನಲ್ಲಿ ಹೇಳಲಾಗುವ ಈ ಮಾತಿಗೂ ವಿಜ್ಞಾನಕ್ಕೂ ಸಂಬಂಧ ಕಡಿಮೆ ಎಂಬುದು ನನ್ನ ತಕರಾರು.

ಬ್ರೆವೆ ಎಂದು ಕರೆಯುವ ಈ ದೂರದ ಸವಾರಿಗಳು ರೇಸ್ ಅಲ್ಲ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದವರೆಲ್ಲ ಒಂದೇ. ಮೊದಲು ಬಂದವರಿಗೆ ಬಹುಮಾನವಿಲ್ಲ. ಹಿಂದೆ ಸಾಮಾನು ಹೊತ್ತ ಕಾರು ಬರುವಂತಿಲ್ಲ. ಹಸಿವು, ಬಾಯಾರಿಕೆ, ಪಂಕ್ಚರ್ ಎಲ್ಲವನ್ನೂ ದಾರಿಯಲ್ಲಿ ಸಿಕ್ಕಿದ್ದರಲ್ಲೇ ನಿಭಾಯಿಸಬೇಕು. ಲೆಕ್ಕ ಹಾಕಿದರೆ, ನಿಂತ ಹೊತ್ತೂ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್ ಸಾಗಿದರೆ ಸಾಕು.

ಮೈ ಕೇಳುವುದೇನು? ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ. ಬಿರುಸಾಗಿ ತುಳಿದರೆ ಎರಡು-ಮೂರು ಗಂಟೆಗಳಲ್ಲಿ ಅದು ತಳ ಕಾಣುತ್ತದೆ. ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನಕ್ಕೆ ಉರಿಯುವ ಸೌದೆ. ತಳ ಕಂಡಾಗ ಕಾಲು ಕಿತ್ತಿಡಲಾಗುವುದಿಲ್ಲ, ತಲೆ ಮಂಕಾಗುತ್ತದೆ, ಜೊತೆಗಾರ ಮಾತಾಡಿಸಿದರೆ ಸಿಟ್ಟು ಬರುತ್ತದೆ. ಹಾಗಾಗದಂತೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟವನ್ನೋ ಸಕ್ಕರೆಯನ್ನೋ ಒಳಗೆ ಕಳಿಸುತ್ತಿರಬೇಕು. ಗ್ಲೂಕೋಸು, ಫ್ರುಕ್ಟೋಸು ಎರಡನ್ನೂ ಬೆರೆಸಿ ಕೊಟ್ಟರೆ, ಅಭ್ಯಾಸವಿರುವ ಹೊಟ್ಟೆ ಗಂಟೆಗೆ 90 ಗ್ರಾಮಿನವರೆಗೂ ತಾಳಿಕೊಳ್ಳುತ್ತದೆ, ಏಕೆಂದರೆ ಕರುಳಿನ ಗೋಡೆಯಲ್ಲಿ ಅವೆರಡಕ್ಕೂ ಬೇರೆ ಬೇರೆ ಬಾಗಿಲುಗಳಿವೆ. ದುಬಾರಿ ಜೆಲ್ಲುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಸುದ್ದಿ ಇದೇ. ಬೆಲ್ಲದ ಬಹುಭಾಗ ಸುಕ್ರೋಸು, ಸುಕ್ರೋಸೆಂದರೆ ಅದೇ ಗ್ಲೂಕೋಸು ಮತ್ತು ಫ್ರುಕ್ಟೋಸು ಒಂದಕ್ಕೊಂದು ಅಂಟಿಕೊಂಡದ್ದು. ಒಂದು ಜೆಲ್ಲಿನಲ್ಲಿ 20-25 ಗ್ರಾಂ ಸಕ್ಕರೆ ಇರುತ್ತದೆ; ಮಧ್ಯಮ ಗಾತ್ರದ ಒಂದು ಪಚ್ಚಬಾಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಗಂಟೆಗೆ ಎರಡರಂತೆ ಹದಿಮೂರು ಗಂಟೆಗೆ ಇಪ್ಪತ್ತಾರು ಜೆಲ್. ಒಂದಕ್ಕೆ ನೂರು ರೂಪಾಯಿ ಹಿಡಿದರೂ 2600 ರೂಪಾಯಿ. ಹಾಸ್ಟೆಲ್ಲಿನಲ್ಲಿದ್ದುಕೊಂಡು ಫೆಲೋಶಿಪ್ಪಿನ ದಾರಿ ಕಾಯುವ ನನ್ನಂಥವರಿಗೆ ಇದು ಹತ್ತಿರಹತ್ತಿರ ತಿಂಗಳ ಮೆಸ್ ಬಿಲ್ಲು.

ಜೆಲ್ ಮೋಸದ ವಸ್ತುವಲ್ಲ. ಏದುಸಿರು ಬಿಡುತ್ತ ರೇಸಿನಲ್ಲಿ ನುಗ್ಗುವವರಿಗೆ ಜಗಿಯಲು ಪುರುಸೊತ್ತಿರುವುದಿಲ್ಲ, ಅವರಿಗೆಂದೇ ಅದು ಹುಟ್ಟಿದ್ದು. ಪ್ರತಿ ಮೈಲಿಗಲ್ಲಿನ ಮುಂದೆಯೂ ಸೈಕಲ್ ಒರಗಿಸಿ ಫೋಟೋ ತೆಗೆಸಿಕೊಳ್ಳುವ ನಮಗೆ ಒಂದು ಬಾಳೆಹಣ್ಣು ಸುಲಿಯಲು ಸಮಯವಿಲ್ಲವೆಂದರೆ ನಂಬುವುದು ಕಷ್ಟ.

ಉಪ್ಪು ಬೆರೆಸಿದ ಪೇಯಗಳ ಕಥೆಯೂ ಬೇರೆಯಲ್ಲ. ಗ್ಲೂಕೋಸಿನ ಜೊತೆ ಸೋಡಿಯಂ ಇದ್ದರೆ ಕರುಳು ನೀರನ್ನು ಬೇಗ ಎಳೆದುಕೊಳ್ಳುತ್ತದೆ ಎಂಬ ತಿಳಿವು ಲಕ್ಷಾಂತರ ಜೀವ ಉಳಿಸಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಮತ್ತು ಸಂಗಡಿಗರು ಉಪ್ಪು, ಗ್ಲೂಕೋಸು, ಅಡುಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ಇವತ್ತಿಗೂ ಓಆರ್‌ಎಸ್ ಪುಡಿ ಯಾವ ಔಷಧಿ ಅಂಗಡಿಯಲ್ಲಾದರೂ ಅಗ್ಗಕ್ಕೆ ಸಿಗುತ್ತದೆ. ಅದೇ ತತ್ವವನ್ನು ಬಣ್ಣದ ಗುಳಿಗೆ ಮಾಡಿ ಡಬ್ಬಿಯಲ್ಲಿಟ್ಟರೆ ಅದು ‘ಪ್ರೊ’ ಆಗಿಬಿಡುತ್ತದೆ. ಬಿಸಿಲಲ್ಲಿ ಬೆವರಿ, ಉಪ್ಪಿಲ್ಲದ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು, ಆ ಎಚ್ಚರಿಕೆ ನಿಜವಾದದ್ದೇ. ಉಪ್ಪು ಹಾಕಿದ ಮಜ್ಜಿಗೆಗೆ, ನಿಂಬೆಹಣ್ಣಿನ ಸೋಡಾಕ್ಕೆ ಈ ವಿಷಯ ಗೊತ್ತಿದೆ.

ಲೆಕ್ಕ ಇಷ್ಟು ಸರಳವಾಗಿದ್ದೂ ಜೆಲ್ಲಿಗೇಕೆ ಇಷ್ಟು ಗೌರವ? ಜಾಹೀರಾತು ಅರ್ಧ ಉತ್ತರ. ಉಳಿದರ್ಧ ನಮ್ಮಲ್ಲೇ ಇದೆ. ಜೆಲ್ಲಿನ ನಿಜವಾದ ಆಕರ್ಷಣೆ ಅದನ್ನು ಯಾರ ಕೈಯೂ ಮುಟ್ಟಿಲ್ಲ ಎಂಬುದು. ಅದನ್ನು ತಿನ್ನಲು ಯಾರ ಬೆಂಚಿನ ಮೇಲೂ ಕೂರಬೇಕಿಲ್ಲ, ಯಾರ ಲೋಟವನ್ನೂ ತುಟಿಗಿಡಬೇಕಿಲ್ಲ. ನಾನು ಹೋದ ಒಂದು ಸವಾರಿಯಲ್ಲಿ ನಿಲುಗಡೆಯ ಎದುರಿಗೇ ಬೇಯಿಸಿದ ಮೊಟ್ಟೆ ಮಾರುವ ಗಾಡಿಯಿತ್ತು. ‘ಅಲ್ಲಿ ಏನೂ ತಿನ್ನಬೇಡಿ, ಹೈಜೀನ್ ಇರಲ್ಲ’ ಎಂದು ಸಂಘಟಕರೊಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು. ಕುದಿಯುವ ನೀರಿನಿಂದ ತೆಗೆದು, ನಿಮ್ಮ ಕಣ್ಣೆದುರೇ ಚಿಪ್ಪು ಒಡೆದುಕೊಡುವ ಮೊಟ್ಟೆಗಿಂತ ಶುಚಿಯಾದ ತಿಂಡಿ ರಸ್ತೆಬದಿಯಲ್ಲಿ ಇನ್ನೇನಿದೆ? ಕತ್ತರಿಸಿಟ್ಟ ಹಣ್ಣಿನ ಬಗ್ಗೆ, ತೊಳೆಯಲು ಬಳಸಿದ ನೀರಿನ ಬಗ್ಗೆ ಆ ಹೈಜೀನಿಗೆ ಆಕ್ಷೇಪವಿರಲಿಲ್ಲ. ದಕ್ಷಿಣ ಭಾರತದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇದ್ದ ಕಾಲ ಬಹಳ ಹಿಂದಿನದಲ್ಲ, ಕಳೆದ ಶತಮಾನದ್ದು. ಆ ಪಂಕ್ತಿ ಎದ್ದುಹೋಯಿತು ಅಂದುಕೊಂಡಿದ್ದೆವು. ಅದೀಗ ಲೈಕ್ರಾ ಚಡ್ಡಿ ತೊಟ್ಟು ಸೈಕಲ್ ಏರಿದೆ.

ಇದಕ್ಕೆ ಉತ್ತರವಾಗಿ ‘ನಮ್ಮ ಅಜ್ಜಿಯ ಬುತ್ತಿ’ಯನ್ನು ಎತ್ತಿಹಿಡಿಯುವ ಇನ್ನೊಂದು ಬಣವಿದೆ, ಅವರ ಜೊತೆಗೂ ನಾನಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅಜ್ಜಿಗೂ ಬಾರ್‌ಕೋಡ್ ಬಂದಿದೆ: ರಾಗಿ ಬಾರು, ನವಣೆ ಬಾರು. ಸವಾರಿಯ ಬೆಳಿಗ್ಗೆ ಹೊಟ್ಟೆತುಂಬ ರಾಗಿಮುದ್ದೆ ಉಂಡು ಘಾಟಿ ಹತ್ತಿ ನೋಡಿ. ಬೇರೆ ದಿನ ಹೊಗಳಿದ ನಾರಿನಂಶ ಅವತ್ತು ಹೊಟ್ಟೆಯಲ್ಲಿ ಕಲ್ಲಾಗಿ ಕೂರುತ್ತದೆ. ಸವಾರಿಯ ನಡುವೆ ಬೇಕಾದ್ದು ಬೇಗ ಕರಗುವ ಬಿಳಿ ಅನ್ನ, ಇಡ್ಲಿ, ಬಾಳೆಹಣ್ಣು. ಆರೋಗ್ಯದ ಪುಟಗಳು ಬೈಯುವ ಸಕ್ಕರೆ. (ಮದ್ದೂರು ವಡೆಯನ್ನು ಬೈಯಲು ನನಗೆ ಮನಸ್ಸಿಲ್ಲ, ಆದರೆ ಎಣ್ಣೆ ಹೊಟ್ಟೆಯಿಂದ ಬೇಗ ಕೆಳಗಿಳಿಯುವುದಿಲ್ಲ. ಸವಾರಿ ಮುಗಿದ ಮೇಲೆ ಎರಡು ತಿನ್ನಿ.) ಇನ್ನು ಬುತ್ತಿಯ ಇತಿಹಾಸವೂ ಪೂರ್ತಿ ಮುಗ್ಧವಲ್ಲ. ಹೊಲಕ್ಕೆ ಹೋಗುವವರು ಹಸಿವಿಗೆಂದು ರೊಟ್ಟಿ, ಚಟ್ನಿ, ಮೊಸರನ್ನ ಕಟ್ಟಿಕೊಂಡರು. ಮಡಿವಂತರು ಪರರ ಕೈಯ ಅನ್ನ ತಪ್ಪಿಸಲೆಂದೂ ಕಟ್ಟಿಕೊಂಡರು. ಎರಡನೆಯ ಬುತ್ತಿಯ ಮೊಮ್ಮಗನೇ ಈ ಜೆಲ್.

ಬ್ರೆವೆಯ ತವರು ಫ್ರಾನ್ಸ್. 1891ರಲ್ಲಿ ಶುರುವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಇವತ್ತು 1200 ಕಿ.ಮೀ.ಗಳ ಸವಾರಿ. ಆ ದಾರಿಯ ಹಳ್ಳಿಗರು ಮನೆಮುಂದೆ ಮೇಜು ಹಾಕಿ ಸವಾರರಿಗೆ ಕಾಫಿ, ನೀರು, ತಿಂಡಿ ಇಟ್ಟುಕೊಂಡು ರಾತ್ರಿಯೆಲ್ಲ ಕಾಯುತ್ತಾರೆ. ಸವಾರಿಯ ಹೆಸರಿನಲ್ಲಿ ಗಾಲಿಯಾಕಾರದ ಕೇಕೊಂದು ಹುಟ್ಟಿ ನೂರು ವರ್ಷ ದಾಟಿದೆ. ಅಲ್ಲಿಂದ ನಾವು ಸಮಯದ ಮಿತಿ, ಪದಕ, ಮುದ್ರೆ ಒತ್ತಿಸುವ ಕಾರ್ಡು ಎಲ್ಲವನ್ನೂ ತಂದೆವು. ಆ ಮೇಜನ್ನು ಮಾತ್ರ ಬಿಟ್ಟುಬಂದೆವು.

ನಮ್ಮಲ್ಲಿ ಮೇಜು ಇಲ್ಲದಿಲ್ಲ. ನಂಜನಗೂಡು ದಾಟಿ ಗುಂಡ್ಲುಪೇಟೆಯ ಕಡೆ ಹೋಗುವ ದಾರಿಯಲ್ಲಿ ನೂರು ಕಿಲೋಮೀಟರ್ ತುಳಿದು ಬಂದವರನ್ನು ‘ಎಲ್ಲಿಂದ ಬಂದ್ರಪ್ಪ, ಕೂತ್ಕೊಳಿ’ ಎನ್ನುವವರಿದ್ದಾರೆ. ತಟ್ಟೆಗೆ ಅನ್ನ ಬಡಿಸಿ, ಕೇಳದಿದ್ದರೂ ಮಜ್ಜಿಗೆಗೆ ಇನ್ನೊಂದು ಚಿಟಿಕೆ ಉಪ್ಪು ಹಾಕುತ್ತಾರೆ. ಅದೇ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ದಿನವೂ ಸೈಕಲ್ ತುಳಿಯುವವರು ಅಲ್ಲೇ ಉಣ್ಣುತ್ತಾರೆ. ಅವರನ್ನು ನಾವು ಸೈಕ್ಲಿಸ್ಟ್ ಅನ್ನುವುದಿಲ್ಲ.

ಸಂಘಟಕರಲ್ಲಿ ನನ್ನ ಕೇಳಿಕೆ ಇಷ್ಟೆ. ನಿಲುಗಡೆಗಳಲ್ಲಿ ಜೆಲ್ ಪೊಟ್ಟಣ ಹಂಚುವುದನ್ನು ಬಿಟ್ಟು, ಸವಾರಿಗೆ ಒಂದು ವಾರ ಮುಂಚೆ ಆ ದಾರಿಯಲ್ಲಿ ಒಮ್ಮೆ ಹೋಗಿಬನ್ನಿ. ಎಡಕ್ಕೆ ಎಲ್ಲಿ, ಬಲಕ್ಕೆ ಎಲ್ಲಿ ಎಂದು ಬರೆಯುವ ಹಾಳೆಯಲ್ಲೇ ಇನ್ನೂ ನಾಲ್ಕು ವಿಷಯ ಸೇರಿಸಿ: ಯಾವ ಊರಿನಲ್ಲಿ ಯಾವ ಹೋಟೆಲು ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ, ಭಾನುವಾರ ಇರುತ್ತದೋ ಇಲ್ಲವೋ, ಮೊಟ್ಟೆ ಸಿಗುತ್ತದೋ, ಹೆಂಗಸರಿಗೆ ಶೌಚಾಲಯ ಇದೆಯೋ. ಅರವತ್ತು ಜನ ಬರುತ್ತೇವೆಂದು ಹಿಂದಿನ ದಿನ ಅಲ್ಲಿಗೊಂದು ಫೋನು ಮಾಡಿ, ಹೆಚ್ಚಿಗೆ ಎರಡು ಸೇರು ಅಕ್ಕಿ ನೆನೆಹಾಕಿರುತ್ತಾರೆ.