ಮಳೆಗಾಲಕ್ಕೂ ಒಂದು ಮುಚ್ಚಳ ಬೇಕು

2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಶಿರಾಡಿ ಘಾಟಿಯೂ ಸಂಪಾಜೆ ರಸ್ತೆಯೂ ಒಟ್ಟಿಗೇ ಬಂದ್ ಆದವಲ್ಲ, ಆ ವಾರ ನಮ್ಮ ಪೇಟೆಯ ಅಂಗಡಿಯಲ್ಲಿ ಉಳಿದದ್ದು ನೀರುಳ್ಳಿ, ಬಟಾಟೆ ಮಾತ್ರ. ಅಂಗಡಿಯ ಮುಂದೆ ಬರಿ ಚೀಲ ಹಿಡಿದು ನಿಂತವರಲ್ಲಿ ಹೆಚ್ಚಿನವರು ಕೃಷಿಕರೇ. ನಾನೂ ಒಬ್ಬ. ಎರಡೆಕ್ರೆ ತೋಟ ಇಟ್ಟುಕೊಂಡು ಹಿಡಿ ಹರಿವೆಗೂ ಘಟ್ಟದ ಲಾರಿಯ ದಾರಿ ಕಾಯುವುದೆಂದರೆ ನಾಚಿಕೆಯ ಸಂಗತಿ.

ಹಿರಿಯರು ಆಟಿಗೆ ತಯಾರಿ ಮಾಡಿಕೊಳ್ಳುತ್ತಿದ್ದರು. ಮಾಡಿನಡಿ ಸೌತೆಕಾಯಿ ನೇತಾಡುತ್ತಿತ್ತು, ಭರಣಿಯಲ್ಲಿ ಉಪ್ಪುಸೊಳೆ ಇತ್ತು, ಹಿತ್ತಿಲಲ್ಲಿ ಕೆಸು, ಕಣಿಲೆ, ತಗಟೆ ಸೊಪ್ಪು. ನಾವು ಅದನ್ನು ಬಿಟ್ಟೆವು. ಬದಲಿಗೆ ಮಳೆಯಲ್ಲಿ ಬೆಳೆಯಲು ಕಲಿತೆವಾ? ಅದೂ ಇಲ್ಲ.

ಹಿಮ ಬೀಳುವ ಊರಿನವರು ಕಲಿತಿದ್ದಾರೆ. ತಳವಿಲ್ಲದ ಮರದ ಪೆಟ್ಟಿಗೆಗೆ ಗಾಜಿನ ಮುಚ್ಚಳ ಇಟ್ಟರೆ ಅವರ ‘ಕೋಲ್ಡ್ ಫ್ರೇಮ್’ ಆಯಿತು. ಅಮೆರಿಕದ ಮೇಯ್ನ್ ರಾಜ್ಯದ ಕೃಷಿಕ ಎಲಿಯಟ್ ಕೋಲ್ಮನ್, ಇದರಲ್ಲಿ ಚಳಿಗಾಲದಲ್ಲೂ ಸೊಪ್ಪು ಕೊಯ್ಯುವ ಬಗ್ಗೆ 1992ರಲ್ಲೇ ಪುಸ್ತಕ ಬರೆದರು. ಬೆಂಕಿ, ಕರೆಂಟು ಯಾವುದೂ ಬೇಡ. ಅವರಿಗೆ ಚಳಿಯ ಕಾಟ, ನಮಗೆ ಮಳೆಯದು. ಪೆಟ್ಟಿಗೆ ನಮಗಾಗದು, ಗಿಡ ಒಳಗೇ ಬೆಂದೀತು. ಮುಚ್ಚಳ ಸಾಕು.

ನನ್ನದು 20 ಅಡಿ ಉದ್ದ, 20 ಅಡಿ ಅಗಲದ ಮಳೆಮಾಡು. ಕಂಬ, ಪಕ್ಕಾಸು ಎಲ್ಲ ತೋಟದ ಅಡಿಕೆ ಮರವೇ. ಮೇಲೆ 200 ಮೈಕ್ರಾನಿನ ಯುವಿ ಹಾಳೆ. ಇದರಲ್ಲಿ ಚೌಕಾಸಿ ಬೇಡ. ಸಾದಾ ಪ್ಲಾಸ್ಟಿಕ್ ಹೊದೆಸಿದ್ದು ಒಂದೇ ಬೇಸಿಗೆಗೆ ಹಪ್ಪಳವಾಯಿತು. ಮೊದಲ ವರ್ಷ ಸುತ್ತಲೂ ಹಾಳೆ ಕಟ್ಟಿದ್ದೆ. ಒಳಗೆ ಉಗಿ ಹಿಡಿದು ಅಲಸಂಡೆ ಕೊಳೆಯಿತು. ಈಗ ನಾಲ್ಕೂ ಬದಿ ಬಯಲು. ಮರುವರ್ಷ ಮೇಲಿನಿಂದ ಹನಿ ನೀರಿಲ್ಲ, ಆದರೆ ಬುಡದಲ್ಲಿ ಕೆಸರು! ಲೆಕ್ಕ ಹಾಕಿದೆ: ನೂರು ಮಿಲಿಮೀಟರ್ ಮಳೆ ಬಂದ ದಿನ ಇಷ್ಟು ಸಣ್ಣ ಮಾಡಿನಿಂದಲೇ ಸುಮಾರು 3,700 ಲೀಟರ್ ನೀರು ಇಳಿಯುತ್ತದೆ. ಸುತ್ತ ಒಂದಡಿ ಆಳದ ಕಣಿ ತೆಗೆದು, ಸಾಲು ಏರಿಸಿದ ಮೇಲೆ ಸರಿಯಾಯಿತು.

ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬೆಂಡೆ, ಅಲಸಂಡೆಗೆ ತೊಂದರೆಯಿಲ್ಲ. ಜೇನ್ನೊಣ ಬಾರದಿದ್ದರೂ ಕಾಯಿ ಕಚ್ಚುತ್ತವೆ. ಹೀರೆ, ಪಡುವಲ ಹಾಗಲ್ಲ, ಜಡಿಮಳೆಗೆ ಹೂವು ಸುಮ್ಮನೆ ಉದುರುತ್ತದೆ. ಆಟಿಯ ಮಳೆಯಲ್ಲಿ ನಾನು ಕೊಡಪಾನದಲ್ಲಿ ನೀರು ಹೊಯ್ಯುವುದನ್ನು ಕಂಡು ನೆರೆಮನೆಯ ಅಣ್ಣ ನಕ್ಕದ್ದೇ ನಕ್ಕದ್ದು. ಅವರ ಮನೆಗೆ ಬೆಂಡೆಕಾಯಿ ಹೋದ ಮೇಲೆ ನಗು ನಿಂತಿತು.

ದೊಡ್ಡ ಪಾಲಿಹೌಸ್ ಮಾಡಿ, ಸಬ್ಸಿಡಿ ಉಂಟು ಎನ್ನುತ್ತಾ ಕಂಪೆನಿಯ ಏಜೆಂಟರೊಬ್ಬರು ಎರಡು ಸಲ ಬಂದರು. ಸಬ್ಸಿಡಿ ಕಳೆದು ನಾನು ಹಾಕಬೇಕಾದ ದುಡ್ಡು ನನ್ನ ತೋಟದ ಎರಡು ವರ್ಷದ ಫಸಲು. ಅದರಲ್ಲಿ ಬೆಳೆದ ದೊಣ್ಣೆಮೆಣಸನ್ನು ಯಾರಿಗೆ ಮಾರಲಿ? ಉಣ್ಣಲಿಕ್ಕೆ ಬೆಳೆಯುವವನಿಗೆ ಸಾಲ ಯಾಕೆ ಬೇಕು ಎಂಬುದೇ ನನಗೆ ಅರ್ಥವಾಗದ್ದು.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಇದ್ದವರು ಹೊಸತು ಕಟ್ಟಬೇಕೆಂದೂ ಇಲ್ಲ. ಜೂನಿನಿಂದ ಅದು ಖಾಲಿ. ಬದಿಯ ಹಾಳೆ ಎತ್ತಿ ಕಟ್ಟಿ, ಸಿಮೆಂಟ್ ಚೀಲದಲ್ಲಿ ಸುಡುಮಣ್ಣು, ಹಟ್ಟಿಗೊಬ್ಬರ ತುಂಬಿ ಬೀಜ ಹಾಕಿದರಾಯಿತು. ಮೇ ಕೊನೆಗೇ ಹಾಕಬೇಕು, ಮಳೆ ಹಿಡಿದ ಮೇಲೆ ಒಣಮಣ್ಣು ಎಲ್ಲಿ ಹುಡುಕುವುದು?

ಟೊಮೆಟೊ ಮಾತ್ರ ನನಗೆ ಒಲಿದಿಲ್ಲ. ಎರಡು ಸಲವೂ ಹೂ ಬಿಡುವ ಹೊತ್ತಿಗೆ ಸೊರಗಿ ಸತ್ತಿತು. ಮಳೆಗಾಲದಲ್ಲಿ ಅದನ್ನು ಗೆದ್ದವರಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ.