ಹಾರ್ನ್ ಹೊಡೆದು ಸಾಮಾನು ತರಿಸುವವರಿಗೆ

ಶಾರ್ಜಾದಲ್ಲಿ ಗ್ರೋಸರಿಯ ಎದುರು ಕಾರು ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದರೆ ಸಾಕು, ಒಳಗಿನಿಂದ ಹುಡುಗ ಓಡಿ ಬರುತ್ತಾನೆ. ಗಾಜು ನಾಲ್ಕು ಬೆರಳು ಇಳಿಯುತ್ತದೆ. ಖುಬೂಸ್, ಲಬನ್, ಒಂದು ಪ್ಯಾಕ್ ಸಿಗರೇಟು ಎಂದರೆ ತಂದು ಕೊಡುತ್ತಾನೆ, ಚಿಲ್ಲರೆಗಾಗಿ ಮತ್ತೊಮ್ಮೆ ಓಡುತ್ತಾನೆ. ಕೆಫೆಟೀರಿಯಾದ ಕರಕ್ ಚಾಯಕ್ಕೂ ಇದೇ ಕ್ರಮ. ಓಡುವ ಹುಡುಗ ಎಷ್ಟೋ ಸಲ ನಮ್ಮ ಕಾಸರಗೋಡು, ಕಣ್ಣೂರಿನ ಕಡೆಯವನೇ.

ನಾನು ಉಪ್ಪಳದ ಜೀನಸು ಅಂಗಡಿಯವರ ಮಗ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಇಲ್ಲಿ ಎಸಿ ಚಿಲ್ಲರ್ ರಿಪೇರಿ ಮಾಡಿಕೊಂಡು ಹನ್ನೊಂದು ವರ್ಷ ಆಯಿತು. (ಚಿಲ್ಲರೆ ಅಂಗಡಿಯಿಂದ ಚಿಲ್ಲರಿಗೆ ಬಂದವನು ಎಂದು ರೂಮಿನವರ ತಮಾಷೆ.) ಇಲ್ಲಿಯ ಹಾರ್ನ್ ನನಗೆ ಅರ್ಥವಾಗುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂದು ಸರಕಾರವೇ ಕಾನೂನು ಮಾಡಿದೆ. ಪಾರ್ಕಿಂಗ್ ಸಿಗುವುದಿಲ್ಲ. ಆದರೂ ಆ ಹುಡುಗನನ್ನು ‘ಸದೀಕ್’ ಎಂದು ಕೂಗುವುದು ನನ್ನ ಕಿವಿಗೆ ಇನ್ನೂ ಒಗ್ಗಿಲ್ಲ. ಅರಬಿಯಲ್ಲಿ ಅದಕ್ಕೆ ಗೆಳೆಯ ಎಂದು ಅರ್ಥ. ಆದರೆ ಹಾಗೆ ಕರೆಸಿಕೊಳ್ಳುವವರು ಹೆಚ್ಚಾಗಿ ಕೂಲಿಯವರು, ಅಂಗಡಿ ಹುಡುಗರು. ಮ್ಯಾನೇಜರನ್ನು ಯಾರೂ ಹಾಗೆ ಕರೆಯುವುದಿಲ್ಲ.

ನನ್ನ ತಕರಾರು ಇರುವುದು ಆ ಹಾರ್ನ್ ಊರಿಗೆ ಬಂದದ್ದರ ಬಗ್ಗೆ. ರಜೆಯಲ್ಲಿ ಬಂದವರು ಬಾಡಿಗೆ ಕಾರಿನಲ್ಲಿ ಕುಳಿತು ಉಪ್ಪನ ಅಂಗಡಿ ಎದುರು ಹಾರ್ನ್ ಹೊಡೆಯುತ್ತಾರೆ. ಉಪ್ಪನಿಗೆ ಅರವತ್ತೆಂಟು, ಮೊಣಕಾಲು ನೋವು ಬೇರೆ. ಗಲ್ಲಾಪೆಟ್ಟಿಗೆಗೆ ಕೈಕೊಟ್ಟು ಎದ್ದು ಮೆಟ್ಟಿಲು ಇಳಿಯುತ್ತಾರೆ. ಒಳಗಿನಿಂದ ಬರುವುದು ಅರ್ಧ ಕಿಲೋ ಸಕ್ಕರೆಯ ಆರ್ಡರ್.

ಬಾಣಂತಿಯರು, ಕೈಲಾಗದವರು, ಮಡಿಲಲ್ಲಿ ನಿದ್ದೆ ಹೋದ ಮಗು ಇರುವವರು ಇದ್ದರೆ ಅದು ಬೇರೆ ಲೆಕ್ಕ. ಅಂಥವರ ರಿಕ್ಷಾದ ತನಕ ಉಪ್ಪ ಯಾರೂ ಹೇಳದೆಯೇ ಚೀಲ ಹೊತ್ತವರು.

ನಮ್ಮ ಕಡೆಯ ಅಂಗಡಿ ಸಾಮಾನು ಕೊಳ್ಳುವ ಜಾಗ ಮಾತ್ರ ಆಗಿರಲಿಲ್ಲವಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಸರಕಾರಿ ಕಾಗದದ ಭಾಷೆ ಬದಲಾಯಿತು. ಅಂಗಡಿಯ ಭಾಷೆ ಬದಲಾಗಲಿಲ್ಲ. ಉಪ್ಪ ಒಬ್ಬರಿಗೆ ತುಳುವಿನಲ್ಲಿ, ಇನ್ನೊಬ್ಬರಿಗೆ ಕನ್ನಡದಲ್ಲಿ, ಮತ್ತೊಬ್ಬರಿಗೆ ಮಲಯಾಳದಲ್ಲಿ ಲೆಕ್ಕ ಹೇಳುತ್ತಾರೆ, ನಮ್ಮವರಾದರೆ ಬ್ಯಾರಿ. ಬಂದವರು ‘ಬ್ಯಾರಿಗಳೇ, ಮಗ ಯಾವಾಗ ಬರುತ್ತಾನೆ?’ ಎಂದು ಕೇಳಿಯೇ ಅಕ್ಕಿಯ ಮಾತಿಗೆ ಬರುವುದು. ನಾನು ಕನ್ನಡ ಶಾಲೆಯಲ್ಲಿ ಕಲಿತದ್ದು ಹೌದು, ತುಳು ಕಲಿತದ್ದು ಮಾತ್ರ ಬೆಲ್ಲದ ಡಬ್ಬದ ಪಕ್ಕ ಕೂತು. ಗಲ್ಫಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದೆಲ್ಲ ಕಿವಿಗೆ ಬೀಳುವುದು ವರ್ಷಕ್ಕೆ ಒಂದು ತಿಂಗಳು. ಆ ಒಂದು ತಿಂಗಳೂ ಎಸಿ ಹಾಕಿ ಗಾಜು ಏರಿಸಿ ಕೂರಿಸಿದರೆ ಅವರು ಯಾರ ಮಾತು ಕೇಳಬೇಕು?

ಇಲ್ಲಿಂದ ಒಯ್ಯುವುದಕ್ಕೆ ಬೇರೆ ಎಷ್ಟೋ ಇದೆ. ನಮ್ಮ ಸೈಟಿಗೆ ಬರುವ ಈಜಿಪ್ಟಿನ ಇಂಜಿನಿಯರ್ ಪಂಪ್ ಕೆಟ್ಟು ನೀರು ಸೋರುತ್ತಿದ್ದರೂ ಮೊದಲು ಸಲಾಂ ಹೇಳಿ, ಕೈ ಕುಲುಕಿ, ಮನೆಯವರ ಕ್ಷೇಮ ಕೇಳಿಯೇ ಪಂಪಿನ ವಿಷಯ ಎತ್ತುವುದು. ಎಷ್ಟೋ ಅರಬಿ ಮನೆಗಳ ಗೋಡೆಯ ಹೊರಗೆ ದಾರಿಹೋಕರಿಗೆಂದು ತಣ್ಣೀರಿನ ಕೂಲರ್ ಇಟ್ಟಿರುತ್ತಾರೆ. ನಮ್ಮ ಹಿರಿಯರ ಅರವಟ್ಟಿಗೆಯ ಹಾಗೆ. ಊರಲ್ಲಿ ಎರಡಂತಸ್ತಿನ ಮನೆ ಕಟ್ಟಿದ ಗಲ್ಫಿನವರ ಗೇಟಿನ ಹೊರಗೆ ನಾನು ಇನ್ನೂ ಒಂದು ಕೂಲರ್ ಕಂಡಿಲ್ಲ.

ಹಾರ್ನ್ ಕೇಳಿದರೆ ಏಳಬೇಡಿ ಎಂದು ಫೋನಿನಲ್ಲಿ ಉಪ್ಪನಿಗೆ ಹೇಳಿದೆ. ‘ವ್ಯಾಪಾರ ಹೋದರೆ ನೀನು ಕೊಡುತ್ತೀಯಾ?’ ಎಂದರು. ಅವರಂತೂ ಕೇಳುವುದಿಲ್ಲ. ಹಾಗಾಗಿ ಕಾರಿನಲ್ಲಿ ಕುಳಿತವರಲ್ಲೇ ಕೇಳುತ್ತಿದ್ದೇನೆ, ಮಕ್ಕಳನ್ನೂ ಕರೆದುಕೊಂಡು ಇಳಿದು ಬನ್ನಿ. ಮೆಟ್ಟಿಲು ಇರುವುದು ಎರಡೇ.