ಬಾಡಿಗೆಯ ಚೀಟಿ ಚಿಕ್ಕದಲ್ಲ



ಕಳೆದೆರಡು ಸಂಚಿಕೆಗಳಲ್ಲಿ ಉಪ್ಪಿನಕಾಯಿ, ಸಂಡಿಗೆ ಅಂತ ಬಾಯಲ್ಲಿ ನೀರೂರುವ ಮಾತೇ ಆಯಿತು. ಈ ಸಲ ಸ್ವಲ್ಪ ಬೇರೆ. ವಿಧಾನಸಭೆ, ಕಾನೂನು ಅಂದ ಕೂಡಲೇ "ಅದೆಲ್ಲಾ ಗಂಡಸರ ವಿಷಯ" ಎಂದು ಪುಟ ತಿರುವಿಬಿಡಬೇಡಿ. ಇದು ತಲೆಯ ಮೇಲಿನ ಸೂರಿನ ವಿಷಯ. ಸೂರಿನ ಚಿಂತೆ ನಮಗಲ್ಲದೆ ಇನ್ಯಾರಿಗೆ?

ನಿಮ್ಮ ಬೀದಿಯಲ್ಲಿ ಎಷ್ಟು ಮನೆಯ ಮಕ್ಕಳು ಬೆಂಗಳೂರು ಸೇರಿದ್ದಾರೆ, ಒಮ್ಮೆ ಲೆಕ್ಕ ಹಾಕಿ. ಒಬ್ಬಳು ಬಿಟಿಎಂ ಲೇಔಟಿನ ಪಿಜಿಯಲ್ಲಿ, ಇನ್ನೊಬ್ಬ ಜೆ.ಪಿ. ನಗರದ ಮೂರನೇ ಮಹಡಿಯ ಕೋಣೆಯಲ್ಲಿ. "ವಲಸೆ ಬಂದವರು" ಎಂದು ಓದಿದಾಗ ನಮ್ಮ ಕಣ್ಣಿಗೆ ತಲೆಯ ಮೇಲೆ ಗಂಟು ಹೊತ್ತವರೇ ಬರುತ್ತಾರೆ. ಆದರೆ ಹಾಸನದಿಂದ ಬಂದ ನಿಮ್ಮ ಮಗಳೂ, ಯಾದಗಿರಿಯಿಂದ ಬಂದ ಗಾರೆ ಕೆಲಸದವಳೂ, ಬಿಹಾರದಿಂದ ಬಂದ ಹುಡುಗನೂ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಾಗ ಒಂದೇ. ದೇಶದ ಯಾವ ಮೂಲೆಯಲ್ಲಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಮೂವರಿಗೂ ಕೊಟ್ಟಿದೆ. ಹಕ್ಕು ಇದೆ ಸರಿ, ಮನೆ ಎಲ್ಲಿದೆ? ಅದೇ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ವಿಧಾನಸಭೆಯಲ್ಲಿ ಬಿಡದೆ ಎತ್ತಿದವರಲ್ಲಿ ಕಾಗೋಡು ತಿಮ್ಮಪ್ಪನವರು ಒಬ್ಬರು. ಸಾಗರ ತಾಲ್ಲೂಕಿನ ಕಾಗೋಡಿನ ಹೆಸರು ನೀವು ಕೇಳಿರುತ್ತೀರಿ. ಗೇಣಿಯ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು ಅಂತ ಅಲ್ಲಿಯ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯ ಕೊಳಗದಿಂದ ಹುಟ್ಟಿದ ಜಗಳ "ಉಳುವವನೇ ಹೊಲದೊಡೆಯ" ಎನ್ನುವ ತನಕ ಬೆಳೆಯಿತು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಬಂದು ಗೇಣಿ ಪದ್ಧತಿಯೇ ಹೋಯಿತು.

ಹೊಲದ ಮಾತು ಮುಗಿಯಿತು, ಮನೆಯದು ಉಳಿಯಿತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಇನ್ನೂ ಎಷ್ಟೋ ಹಟ್ಟಿಗಳಲ್ಲಿ ಜನ ತಲೆಮಾರುಗಳಿಂದ ಇದ್ದರೂ ಕಾಲ ಕೆಳಗಿನ ನೆಲ ಕಾಗದದಲ್ಲಿ ಬೇರೆಯವರದ್ದು. ಆ ವಸತಿಗಳು ಕಂದಾಯ ಗ್ರಾಮಗಳ ಲೆಕ್ಕಕ್ಕೇ ಸೇರಿರಲಿಲ್ಲ. ಕಾಗೋಡು ತಿಮ್ಮಪ್ಪನವರು 2013ರಿಂದ 2016ರವರೆಗೆ ಸಭಾಧ್ಯಕ್ಷರಾಗಿ, ಆಮೇಲೆ ಕಂದಾಯ ಸಚಿವರಾಗಿ "ವಾಸಿಸುವವನೇ ಮನೆಯ ಒಡೆಯ" ಎಂಬ ಮಾತನ್ನು ಹಿಡಿದರು. ಭೂಸುಧಾರಣೆ ಕಾಯ್ದೆಗೆ 38-ಎ ಎಂಬ ಕಲಂ ಸೇರಿ 2017ರಲ್ಲಿ ಕಾನೂನಾಯಿತು. ದಾಖಲೆಯಿಲ್ಲದ ಇಂಥ ವಸತಿಗಳಲ್ಲಿ ವಾಸವಿರುವವರಿಗೆ ಮನೆಯ ಹಕ್ಕು ಬಂತು. ಸರ್ಕಾರ ಬದಲಾದರೂ ಕೆಲಸ ನಿಲ್ಲಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಒಂದು ಪಕ್ಷ ಬಿತ್ತಿದ್ದನ್ನು ಇನ್ನೊಂದು ಪಕ್ಷ ಕೊಯ್ದು ಹಂಚಿತು. ಬಡವರಿಗೆ ಸಿಕ್ಕಿತಲ್ಲ, ಅಷ್ಟು ಸಾಕು.

ಆದರೆ ಹಕ್ಕುಪತ್ರ ಪೆಟ್ಟಿಗೆಯಲ್ಲಿಟ್ಟರೆ ಹೊಟ್ಟೆ ತುಂಬುವುದಿಲ್ಲ. ತಾಂಡಾದ ಜನ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರುತ್ತಾರೆ. ನಮ್ಮ ಬನಶಂಕರಿಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ನೀರು ಕೇಳಲು ಬಂದವಳು ನನ್ನ ಹತ್ತಿರ ಹೇಳಿದಳು: "ಊರಾಗ ಮನಿ ನಮ್ಮ ಹೆಸರಿಗೇ ಆಗೈತ್ರಿ ಅಕ್ಕಾರ. ಇಲ್ಲಿ ತಿಂಗಳಾ ಬಾಡಿಗಿ ಕೊಡ್ತೀವಿ, ಒಂದು ಚೀಟಿ ಕೊಡಂಗಿಲ್ಲ. ನಾಳೆ ಬಿಡ್ರಿ ಅಂದ್ರ ಬಿಡಬೇಕು." ಊರಲ್ಲಿ ಶಾಸನಸಭೆ ಅವಳ ಕೈಗೆ ಕಾಗದ ಕೊಟ್ಟಿತು. ನಗರದಲ್ಲಿ ಕೊಡಬೇಕಾದವರು ನಮ್ಮಂಥ ಮನೆಯೊಡತಿಯರು, ನಾವು ಕೊಡಲಿಲ್ಲ.

ಬಾಡಿಗೆಗೆ ಕಾನೂನಿಲ್ಲವೇ ಅಂತ ಕೇಳ್ತೀರಿ. ಇದೆ. ಮನೆಯೊಡೆಯ ಮತ್ತು ಬಾಡಿಗೆದಾರರ ವಿಷಯ ರಾಜ್ಯಗಳ ಪಟ್ಟಿಗೆ ಸೇರಿದ್ದು. ಹಾಗಾಗಿ ಇದು ದೆಹಲಿಯ ಕೆಲಸವಲ್ಲ, ನಮ್ಮ ಶಾಸಕರದ್ದು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ಅದು ಹೊರಗಿಟ್ಟಿತು. ಇವತ್ತು ಜಯನಗರದಲ್ಲಿ ಆ ದುಡ್ಡಿಗೆ ಮನೆ ಹುಡುಕಿ ನೋಡೋಣ! ಹೀಗಾಗಿ ನಿಮ್ಮ ಮಗಳಿಗೆ ಮುಖ್ಯ ಆಸರೆ ಅವಳ ಕೈಯಲ್ಲಿರುವ ಕರಾರು ಪತ್ರ. ಎಲ್ಲರೂ 11 ತಿಂಗಳಿಗೇ ಯಾಕೆ ಬರೆಸುತ್ತಾರೆ ಗೊತ್ತೇ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದರ ಖರ್ಚು ಉಳಿಸಲು.

ಮುಂಗಡದ ಕಥೆ ಇನ್ನೂ ಭಾರ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ವಾಡಿಕೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯದ ಶಾಸನಸಭೆ ಒಪ್ಪಿ ಕಾನೂನು ಮಾಡಿದರೆ ಮಾತ್ರ ನಡೆಯುತ್ತದೆ.

ಇನ್ನು ಮನೆ ಕೊಡುವಾಗ ನಾವು ಕೇಳುವ ಪ್ರಶ್ನೆಗಳು. ಜಾತಿ ಯಾವುದು, ಏನು ಅಡುಗೆ ಮಾಡ್ತೀರಿ, ಯಾರ್ಯಾರು ಬರ್ತಾರೆ, ಮದುವೆ ಯಾಕೆ ಆಗಿಲ್ಲ... ಮನೆ ತೋರಿಸುವುದೋ, ಹೆಣ್ಣು ನೋಡುವುದೋ! ಅವರವರ ಬದುಕು ಅವರವರದು ಎನ್ನುವುದಕ್ಕೂ ಕಾನೂನಿನ ಬಲ ತಂದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮೊಮ್ಮಕ್ಕಳ ಜೊತೆ ಹಾಯಾಗಿರುವ ವಯಸ್ಸು ನೋಡಿ! ಅವರ ಹೆಸರಿನ ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಒಂಬತ್ತರಲ್ಲಿ ನಮ್ಮ ಕರ್ನಾಟಕದ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. 2018ರ ಸೆಪ್ಟೆಂಬರ್ ತೀರ್ಪು, ಬ್ಯಾಂಕ್ ಖಾತೆಗೂ ಮೊಬೈಲಿಗೂ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಈ ಹಕ್ಕು ಮುಖ್ಯವಾಗಿ ಸರ್ಕಾರದ ಕೈ ಕಟ್ಟುವಂಥದ್ದು, ಮನೆಯೊಡತಿಯ ಬಾಯಿ ಕಟ್ಟುವುದಿಲ್ಲ. ಆದರೂ ಸರ್ಕಾರವೇ ಇಣುಕಬಾರದು ಎಂದ ಮೇಲೆ ನಾವು ಇಣುಕುವುದು ಸರಿಯೇ, ಹೇಳಿ? ಹಾಗಂತ ಯಾರೆಂದು ತಿಳಿಯದೆ ಮನೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಎಚ್ಚರ ಬೇಕೇ ಬೇಕು. ಹೆಸರು, ಊರು, ಕೆಲಸ ಮಾಡುವ ಜಾಗ, ಗುರುತಿನ ಒಂದು ಚೀಟಿ ಕೇಳಿ. ಅದರಾಚೆಗಿನದು ಕುತೂಹಲವೇ ಹೊರತು ಎಚ್ಚರವಲ್ಲ.

ಈಗ ಬರೆದಿಟ್ಟುಕೊಳ್ಳುವ ಕೆಲವು ಮಾತು:

ಮನೆ ಬಾಡಿಗೆಗೆ ಕೊಡುವವರಿಗೆ: ಗುಡಿಸಲೇ ಆಗಲಿ, ಬಾಡಿಗೆ ಪಡೆದ ದಿನವೇ ತಾರೀಖು ಹಾಕಿ ರಸೀದಿ ಕೊಡಿ. ಅವರ ಕೋಣೆಗೆ ಹೇಳದೆ ಕೇಳದೆ ಬೀಗ ತೆಗೆದು ಹೋಗಬೇಡಿ. ಅವರ ಆಧಾರಿನ ಪ್ರತಿಯನ್ನು ಹಳೆಯ ಪೇಪರಿನ ಜೊತೆ ರದ್ದಿಯವನಿಗೆ ಹಾಕಬೇಡಿ, ಖಾಲಿ ಮಾಡಿದಾಗ ಹಿಂದಿರುಗಿಸಿ ಅಥವಾ ಹರಿದುಬಿಡಿ. ಮತದಾರರ ಪಟ್ಟಿಯವರು ಬಂದಾಗ "ಮೇಲೆ ಯಾರೂ ಇಲ್ಲ" ಅನ್ನಬೇಡಿ.

ಮಕ್ಕಳನ್ನು ಕಳಿಸುವವರಿಗೆ: ಕರಾರು ಮಗಳ ಹೆಸರಿನಲ್ಲೇ ಇರಲಿ. ಪಿಜಿಯಾದರೂ ಮುಂಗಡ ಎಷ್ಟು, ಎಷ್ಟು ಹಿಡಿದುಕೊಳ್ಳುತ್ತಾರೆ, ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು, ಇಷ್ಟನ್ನು ಬರೆಸಿಕೊಳ್ಳಲಿ. ಆಧಾರಿನಲ್ಲಿ ಕೊನೆಯ ನಾಲ್ಕೇ ಅಂಕಿ ಕಾಣುವ ಪ್ರತಿಯೂ ಸಿಗುತ್ತದೆ, ಅದನ್ನೇ ಕೊಡಲಿ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡಲಾಗಿ ಬರೆದು ಸಹಿ ಹಾಕಲಿ.

ನಿಮ್ಮ ಮನೆಯ ಹತ್ತಿರ ಕೂಲಿಗೆ ಬಂದವರಿದ್ದರೆ ಇದನ್ನು ತಿಳಿಸಿ: ಊರಿನ ರೇಷನ್ ಕಾರ್ಡಿನ ಮೇಲೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಬೇರೆ ರಾಜ್ಯದವರಿಗೂ ಒಂದು ದೇಶ ಒಂದು ಕಾರ್ಡು ಯೋಜನೆಯಿದೆ, ಕರ್ನಾಟಕ ಅದಕ್ಕೆ 2020ರ ಜನವರಿಯಲ್ಲೇ ಸೇರಿತು. ಐದು ಕಿಲೋ ತೂಕದ ಸಣ್ಣ ಗ್ಯಾಸ್ ಸಿಲಿಂಡರಿಗೆ ವಿಳಾಸದ ದಾಖಲೆ ಬೇಕಿಲ್ಲ. ಹೊಗೆಯಲ್ಲಿ ಕಣ್ಣುಜ್ಜುತ್ತಾ ಅಡುಗೆ ಮಾಡುವ ತಾಯಿಗೆ ಈ ಒಂದು ಮಾತು ತಿಳಿಸಿದರೂ ಪುಣ್ಯ.

ಕೊನೆಯದಾಗಿ ಮತದ ಮಾತು. 2023ರ ಮೇ ತಿಂಗಳ ಚುನಾವಣೆಯಲ್ಲಿ ನಮ್ಮ ಪಕ್ಕದ ಜಯನಗರದ ಶಾಸಕರು ಯಾರೆಂದು ತೀರ್ಮಾನವಾದದ್ದು ಬರೀ 16 ಮತಗಳಿಂದ. ಎರಡು ವಠಾರದ ಜನ ಅಷ್ಟಿರುತ್ತಾರೆ! ಆ ಕ್ಷೇತ್ರದಲ್ಲಿ ಬಾಡಿಗೆಗಿದ್ದು, ಹೆಸರು ಇನ್ನೂ ಹುಟ್ಟೂರಿನ ಪಟ್ಟಿಯಲ್ಲೇ ಇರುವವರು ಎಷ್ಟು ಮಂದಿಯೋ. ಮನೆ ಬದಲಿಸಿದವರು ನಮೂನೆ 8ನ್ನು ತುಂಬಿ ಕೊಟ್ಟರೆ ಹೆಸರು ಹೊಸ ಜಾಗಕ್ಕೆ ಬರುತ್ತದೆ. ಬಾಡಿಗೆದಾರರ ಮತ ಪಟ್ಟಿಯಲ್ಲಿದ್ದರೆ ಬಾಡಿಗೆಯ ಮಾತು ವಿಧಾನಸಭೆಯಲ್ಲೂ ಬರುತ್ತದೆ. ಕಾಗೋಡಿನವರು ದನಿಯೆತ್ತಿದ ಮೇಲೆ ತಾನೆ ಗೇಣಿ ಹೋಗಿದ್ದು?

ಮುಂದಿನ ಸಲ ಮತ ಕೇಳಲು ಬಾಗಿಲಿಗೆ ಬಂದವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ಮುಂಗಡಕ್ಕೆ ಮಿತಿ ಯಾವಾಗ? 3,500ರ ಗೆರೆ ಬದಲಿಸುವುದು ಯಾವಾಗ? ಮನೆಯ ಲೆಕ್ಕ ಬಲ್ಲ ನಮಗಿಂತ ಚೆನ್ನಾಗಿ ಯಾರು ಕೇಳಬಲ್ಲರು?

ನಿಮ್ಮ ಮಕ್ಕಳು ಬಾಡಿಗೆ ಮನೆಯಲ್ಲಿ ಪಟ್ಟ ಪಾಡು, ಕಂಡ ಒಳ್ಳೆಯ ಮನೆಯೊಡತಿಯರು, ಎರಡನ್ನೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡುಗೆಮನೆಗೆ ಹೋಗೋಣ.